ಗಬ್ಬದ ಮೇಕೆಗೆ ಬಾಣಂತಿ ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಮೇಕೆ ವಿಚಾರವೇ. ಆಷಾಢದಲ್ಲಿ ಹೋತ ಬಿಟ್ಟವರಿಗೆ ಈಗ ತಳಮಳ ಶುರುವಾಗಿದೆ, ಸಹಜ. ಬನ್ನೂರು ಕುರಿಯ ಸೀಮೆಯಲ್ಲಿ ಕೂತು ಬರೀ ಮೇಕೆ ಬಗ್ಗೆ ಬರೆದರೆ ಕುರಿಯವರು ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟಿಗೆ ವಿಷಯದಲ್ಲಿ ಇಲ್ಲಿ ಹೇಳಿರೋದೆಲ್ಲ ಹೆಚ್ಚುಕಮ್ಮಿ ನಿಮಗೂ ಆಗುತ್ತದೆ.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಹದಿನಾಲ್ಕು ಮೇಕೆ ಸಾಕಿದ್ದೇನೆ. ಆರು ಗಬ್ಬವಾಗಿವೆ. ಮೊದಲನೆಯದಕ್ಕೆ ಹೋತ ಬಿಟ್ಟಿದ್ದು ಜುಲೈ 10ಕ್ಕೆ. ನೆಲದಿಂದ ಐದು ಅಡಿ ಎತ್ತರದ ಅಟ್ಟಣಿಗೆ ಶೆಡ್ ಕಟ್ಟಿಸಿದ್ದೇನೆ, ಪಟ್ಟಿ ಹೊಡೆದ ನೆಲ, ಹಿಕ್ಕೆ ಕೆಳಗೆ ಬೀಳುತ್ತದೆ. ಪಕ್ಕದಲ್ಲೇ ಅಪ್ಪ ದನ ಕಟ್ಟುತ್ತಿದ್ದ ಹಳೇ ಹೆಂಚಿನ ಕೊಟ್ಟಿಗೆ ಖಾಲಿ ಬಿದ್ದಿದೆ. ಮರಿ ಎಲ್ಲಿ ಹಾಕಿಸಬೇಕು? ಯಾವಾಗ ಬೇರೆ ಮಾಡಬೇಕು? ಕೆಳಗೆ ಏನು ಹಾಸಬೇಕು?
(ಮದ್ದೂರು ತಾಲ್ಲೂಕಿನ ಓದುಗರು)

ಉತ್ತರ: ತಮ್ಮಾ, ಅಪ್ಪನ ಕೊಟ್ಟಿಗೆಯನ್ನೇ ಆರಿಸಿಕೊ. ಲಕ್ಷಾಂತರ ಸುರಿದು ಶೆಡ್ ಕಟ್ಟಿಸಿದವನಿಗೆ ಇದು ಕೇಳೋಕೆ ಹಿತವಾಗಿರಲ್ಲ, ಗೊತ್ತು. ಅಟ್ಟಣಿಗೆ ಶೆಡ್ ದೊಡ್ಡ ಮೇಕೆಗಳಿಗೆ ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಹುಟ್ಟಿದ ಮರಿಗೆ ಆ ಪಟ್ಟಿ ಸಂದು ಬಲೆ ಇದ್ದ ಹಾಗೆ. ನಾನು ಹೀಗೇ ಒಂದು ಮರಿಯ ಕಾಲು ಮುರಿಸಿಕೊಂಡಿದ್ದೇನೆ. ರಾತ್ರಿ ಹುಟ್ಟಿದೆ, ಎದ್ದು ನಿಲ್ಲೋಕೆ ಹೋಗಿ ಹಿಂಗಾಲು ಸಂದಿಗೆ ಇಳಿದಿದೆ, ಎಳೆದಾಡಿದೆ, ಬೆಳಿಗ್ಗೆ ನಾನು ಹೋಗಿ ನೋಡೋ ಹೊತ್ತಿಗೆ ತಾಯಿ ಪಕ್ಕದಲ್ಲೇ ನಿಂತು ಅರಚಿ ಅರಚಿ ಗಂಟಲು ಬಿದ್ದುಹೋಗಿತ್ತು. ಗೋಣಿಚೀಲ ಹಾಸಿದ್ದೆ, ಇಲ್ಲ ಅಂತಲ್ಲ. ಮೇಕೆ ಮರಿ ಹಾಕೋ ಮುಂಚೆ ಕಾಲಲ್ಲಿ ಕೆರೆದು ಕೆರೆದು ಚೀಲವನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಮಾಡಿತ್ತು. ಅಷ್ಟೇ ಅಲ್ಲ, ಅಷ್ಟೆತ್ತರಕ್ಕೆ ಹತ್ತಿಳಿಯೋ ಇಳಿಜಾರಿನಲ್ಲಿ ಹೊಟ್ಟೆ ತುಂಬಿದ ಮೇಕೆಗಳು ಒಂದನ್ನೊಂದು ನೂಕಿದರೆ ಬೀಳೋದು ಖಂಡಿತ. ಕೆಳಗಿನಿಂದ ಬರೋ ಗಾಳಿ ಬೇಸಿಗೆಗೆ ಹಿತ, ಡಿಸೆಂಬರ್ ರಾತ್ರಿಯಲ್ಲಿ ಒದ್ದೆ ಮೈಯ ಮರಿಗೆ ಅಲ್ಲ.

ಈಗ ಲೆಕ್ಕ. ಮೇಕೆ ಗಬ್ಬ ಸುಮಾರು 150 ದಿನ. ಐದು ದಿನ ಹಿಂದೆ ಮುಂದೆ ಆಗಬಹುದು. ಜುಲೈ 10ಕ್ಕೆ 150 ಸೇರಿಸಿದರೆ ಡಿಸೆಂಬರ್ 7. ಆದ್ದರಿಂದ ಡಿಸೆಂಬರ್ 2ಕ್ಕೇ ಮರಿ ಹಾಕೋ ಕೋಣೆ ತಯಾರಿರಬೇಕು. ಆರು ಮೇಕೆಗೂ ಹೀಗೆ ದಿನ ಎಣಿಸಿ ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ದೊಡ್ಡದಾಗಿ ಬರೆದಿಡು. ಮೊಬೈಲಿನಲ್ಲಿ ಬರೆದಿಟ್ಟರೆ ನಿನಗೊಬ್ಬನಿಗೇ ಗೊತ್ತಿರುತ್ತದೆ, ನೀನು ಸಂತೆಗೆ ಹೋದ ದಿನವೇ ಅದು ಮರಿ ಹಾಕೋದು.

ಹಳೇ ಕೊಟ್ಟಿಗೆಯಲ್ಲಿ ಮೊದಲ ಕೆಲಸ ನೆಲ. ವರ್ಷಗಟ್ಟಲೆ ದನದ ಗಂಜಲ ಕುಡಿದ ಮಣ್ಣು ಅದು. ಮೇಲಿನ ಮೂರ್ನಾಲ್ಕು ಅಂಗುಲ ಕೆರೆದು ತೆಗೆದು ತಿಪ್ಪೆಗೆ ಹಾಕು. ಎರಡು ಮೂರು ದಿನ ಬಾಗಿಲು ಕಿಟಕಿ ತೆಗೆದು ಗಾಳಿ ಬಿಸಿಲು ಆಡಲಿ. ಆಮೇಲೆ ಸುಣ್ಣದ ಪುಡಿ ಉದುರಿಸಿ, ಮೇಲೆ ಗರಸು ಹಾಕಿ ದಿಮ್ಮಸಿನಲ್ಲಿ ಬಡಿದು ಗಟ್ಟಿ ಮಾಡು. ಹತ್ತು ಅಡಿಗೆ ಮೂರು ಅಂಗುಲದಷ್ಟು ಇಳಿಜಾರು ಕೊಟ್ಟರೆ ಗಂಜಲ ತಾನಾಗಿ ಹರಿದು ಹೋಗುತ್ತದೆ. ಗೋಡೆಗೂ ಸುಣ್ಣ ಬಳಿ. ಆದರೆ ಒಂದು ಮಾತು. ಸುಣ್ಣ ಹಾಕಿದ ದಿನವೇ ಮೇಕೆ ಒಳಗೆ ಬಿಡಬೇಡ. ಹಸಿ ಸುಣ್ಣ ಗೊರಸಿನ ಸಂದು, ಕೆಚ್ಚಲು, ಮರಿಯ ಒದ್ದೆ ಚರ್ಮ ಎಲ್ಲವನ್ನೂ ಸುಡುತ್ತದೆ. ನಾಲ್ಕೈದು ದಿನ ಬಿಡು. ಸುಣ್ಣ ಮುಖಕ್ಕೆ ತಗಲದ ಹಾಗೆ ಮೇಲೆ ದಪ್ಪ ಹುಲ್ಲು ಹಾಸಬೇಕು.

ಸಿಮೆಂಟು ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಈ ವರ್ಷಕ್ಕೆ ಬೇಡ ಅನ್ನು. ತೊಳೆಯೋಕೆ ಸುಲಭ ಹೌದು, ಆದರೆ ತಣ್ಣಗಿರುತ್ತದೆ, ಒದ್ದೆಯಾದರೆ ಜಾರುತ್ತದೆ. ಗಬ್ಬದ ಮೇಕೆ ಜಾರಿ ಬಿದ್ದರೆ ಎರಡು ಮೂರು ಜೀವ ಹೋದ ಹಾಗೆ.

ಹಾಸೋಕೆ ಭತ್ತದ ಹುಲ್ಲಿಗಿಂತ ಒಳ್ಳೇದು ನಮ್ಮ ಕಡೆ ಇಲ್ಲ. ರಾಗಿ ಹುಲ್ಲೂ ಆಗುತ್ತದೆ, ಆದರೆ ಅದನ್ನು ಹಾಸೋ ಬದಲು ತಿನ್ನೋಕೆ ಕೊಡೋದು ಜಾಣತನ. ಮೆದೆಯ ಒಳಗಿನ ಒಣ ಹುಲ್ಲು ತೆಗೆ. ಈಗಷ್ಟೇ ಕೊಯ್ದ ಹುಲ್ಲಿನಲ್ಲಿ ತೇವ ಇರುತ್ತದೆ, ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದು ಹಾಸೋಕೂ ಬೇಡ, ತಿನ್ನೋಕೂ ಬೇಡ, ಗಬ್ಬ ಹೋಗೋಕೆ ಅದೂ ಒಂದು ಕಾರಣ. ಮಂಡ್ಯದವರು ಅಂದಮೇಲೆ ಕಬ್ಬಿನ ಸೋಗೆ ಬಗ್ಗೆ ಕೇಳೇ ಕೇಳುತ್ತೀರಿ, ಗದ್ದೆ ತುಂಬ ಬಿದ್ದಿರುತ್ತಲ್ವಾ. ಅದರ ಅಂಚು ಗರಗಸದ ಹಾಗೆ. ಗಂಜಲವನ್ನೂ ಅಷ್ಟಾಗಿ ಹೀರಲ್ಲ. ಅಡಿಗೆ ಒಂದು ಪದರ ಹಾಕಿ ಮೇಲೆ ಐದಾರು ಅಂಗುಲ ಭತ್ತದ ಹುಲ್ಲು ಹಾಸಿದರೆ ಹುಲ್ಲೂ ಉಳಿಯುತ್ತದೆ. ಆಲೆಮನೆಯ ಕಬ್ಬಿನ ಸಿಪ್ಪೆ ಬೇಡವೇ ಬೇಡ, ಸಿಹಿ ವಾಸನೆಗೆ ಇರುವೆ ಮುತ್ತುತ್ತದೆ. ಮರದ ಹೊಟ್ಟು, ಭತ್ತದ ಹೊಟ್ಟು ಎರಡೂ ಒದ್ದೆ ಮರಿಯ ಮೂಗಿಗೆ, ಹೊಕ್ಕುಳಿಗೆ ಮೆತ್ತಿಕೊಳ್ಳುತ್ತವೆ.

ಎಷ್ಟು ಜಾಗ? ಗಬ್ಬದ ಮೇಕೆಗೆ ಒಂದಕ್ಕೆ 16ರಿಂದ 20 ಚದರ ಅಡಿ ಕೊಡು. ಮರಿ ಹಾಕೋ ಕೋಣೆ ನಾಟಿ ಮೇಕೆಗೆ ನಾಲ್ಕಡಿ ಅಗಲ ಐದಡಿ ಉದ್ದ ಸಾಕು. ಸಿರೋಹಿ, ಜಮುನಾಪಾರಿ ಥರದ ದೊಡ್ಡ ಮೈಯ ತಳಿಯಾದರೆ ಐದಕ್ಕೆ ಐದು ಇರಲಿ. ಅದಕ್ಕಿಂತ ಜಾಸ್ತಿ ದೊಡ್ಡದು ಮಾಡಿದರೆ ಮರಿ ತಾಯಿಯಿಂದ ದೂರ ಮೂಲೆಗೆ ಹೋಗಿ ಬಿದ್ದುಕೊಳ್ಳುತ್ತದೆ. ಆರು ಮೇಕೆಗೆ ಆರು ಕೋಣೆ ಬೇಕಿಲ್ಲ. ದಿನ ಹಿಂದೆ ಮುಂದೆ ಇದ್ದರೆ ಎರಡು ಸಾಕು, ಮೂರಿದ್ದರೆ ನೆಮ್ಮದಿ. ಬಿದಿರಿನ ತಡಿಕೆಯಲ್ಲೇ ಅಡ್ಡ ಕಟ್ಟು. ಗೋಡೆ ಕಟ್ಟಿಸಿ ಒಂದನ್ನು ಒಂಟಿ ಮಾಡಬೇಡ. ಮೇಕೆ ಗುಂಪಿನ ಪ್ರಾಣಿ, ಜೊತೆಯವರು ಕಣ್ಣಿಗೆ ಕಾಣದಿದ್ದರೆ ಮೇವು ಬಿಟ್ಟು ಅರಚುತ್ತಾ ಸುತ್ತು ಹೊಡೆಯುತ್ತದೆ. ತಡಿಕೆ ಸಂದಿಯಲ್ಲಿ ಮುಖ ಕಾಣುತ್ತಿದ್ದರೆ ಸುಮ್ನೆ ಮೆಲುಕು ಹಾಕುತ್ತಾ ಮಲಗಿರುತ್ತದೆ.

ಬೇರೆ ಮಾಡೋದು ಎರಡು ಹಂತ. ದಿನ ತುಂಬೋಕೆ ಎರಡು ಮೂರು ವಾರ ಇರುವಾಗ ಆರನ್ನೂ ಹೋತದಿಂದ, ಕೊಂಬಲ್ಲಿ ತಿವಿಯೋ ಜಗಳಗಂಟಿಗಳಿಂದ ಬೇರೆ ಮಾಡಿ ಈ ಕೊಟ್ಟಿಗೆಗೆ ತಂದು ಒಟ್ಟಿಗೇ ಬಿಡು. ಜಾಗ ಅಭ್ಯಾಸ ಆಗಲಿ. ಕೋಣೆಗೆ ಸೇರಿಸೋದು ಕಡೇ ಎರಡು ಮೂರು ದಿನ, ಲಕ್ಷಣ ಕಂಡಮೇಲೆ. ಕೆಚ್ಚಲು ಬಿಗಿದು ಹೊಳೆಯುತ್ತದೆ. ಬಾಲದ ಬುಡದ ಎರಡೂ ಪಕ್ಕ ಬೆರಳಿಟ್ಟು ಒತ್ತಿದರೆ ಹಗ್ಗದ ಹಾಗೆ ಸಿಗುತ್ತಿದ್ದ ನರ ಸಡಿಲವಾಗಿ ಬೆರಳಿಗೇ ಸಿಗಲ್ಲ. ಇದನ್ನು ದಿನಾ ಮುಟ್ಟಿ ನೋಡಿ ರೂಢಿ ಮಾಡಿಕೊ, ಒಂದೇ ದಿನ ಮುಟ್ಟಿದರೆ ಏನೂ ಗೊತ್ತಾಗಲ್ಲ. ನೆಲ ಕೆರೆಯೋದು, ಎದ್ದು ಕೂತು ಮಾಡೋದು, ಹಿಂದಕ್ಕೆ ತಿರುಗಿ ತನ್ನ ಹೊಟ್ಟೆ ತಾನೇ ನೋಡೋದು ಶುರುವಾದರೆ ಹೊತ್ತು ಬಂತು.

ಬಾಗಿಲು ಮೂರು ಅಡಿಗಿಂತ ಕಿರಿದಾಗಿದ್ದರೆ ಅಗಲ ಮಾಡಿಸು. ಸಂಜೆ ಮೇಯ್ದು ಬಂದು ಎಲ್ಲ ಒಟ್ಟಿಗೆ ನುಗ್ಗಿದಾಗ ಹೊಟ್ಟೆ ಬಾಗಿಲಿಗೆ ಅಮುಕಿ ಗಬ್ಬ ಹೋದದ್ದನ್ನು ನೋಡಿದ್ದೇನೆ. ಗೊಂತೂ ಅಷ್ಟೇ, ಎಲ್ಲಕ್ಕೂ ಒಂದೇ ಸಲ ಬಾಯಿ ಹಾಕೋಕೆ ಜಾಗ ಇರಬೇಕು. ಹೊಟ್ಟೆಯಲ್ಲಿ ಮರಿ ಜೋರಾಗಿ ಬೆಳೆಯೋದು ಕಡೇ ಆರೇಳು ವಾರದಲ್ಲಿ. ಆ ಹೊತ್ತಿನಲ್ಲಿ ಬಡಪಾಯಿ ಮೇಕೆ ಹಿಂಡಿ ಸಿಗದೆ ಹಿಂದೆ ನಿಂತರೆ, ಅದರಲ್ಲೂ ಹೊಟ್ಟೆಯಲ್ಲಿ ಅವಳಿ ಮರಿ ಇದ್ದರೆ, ಮೇವು ಬಿಟ್ಟು ಮಂಕಾಗಿ ನೆಲ ಹಿಡಿದುಬಿಡುತ್ತದೆ.

ಇನ್ನೊಂದು, ಮರಿ ಹಾಕೋಕೆ ನಾಲ್ಕರಿಂದ ಆರು ವಾರ ಮುಂಚೆ ಕರುಳುಬೇನೆ ಲಸಿಕೆ ಹಾಕಿಸಿದರೆ ಅದರ ಬಲ ಗಿಣ್ಣು ಹಾಲಿನಲ್ಲಿ ಮರಿಗೂ ಬರುತ್ತದೆ. ನಿನ್ನ ಮೊದಲನೇ ಮೇಕೆಗೆ ಆ ಹೊತ್ತು ಮೀರುತ್ತಾ ಬಂದಿದೆ, ಈ ಉತ್ತರ ಓದಿ ಮುಗಿಸೋ ಮುಂಚೆ ಪಶು ಆಸ್ಪತ್ರೆಗೆ ಹೋಗಿ ಕೇಳು.

ಪ್ರಶ್ನೆ: ನಮ್ಮದು ಮೂರೇ ಮೇಕೆ, ಒಂದು ಹಸು. ಬೇರೆ ಕೊಟ್ಟಿಗೆ ಕಟ್ಟೋ ಶಕ್ತಿ ಇಲ್ಲ. ಹಸು ಪಕ್ಕದಲ್ಲೇ ಕಟ್ಟುತ್ತೇನೆ. ಹೋದ ವರ್ಷ ಎರಡು ಮರಿ ಚೆನ್ನಾಗೇ ಹುಟ್ಟಿ ಮೂರನೇ ದಿನಕ್ಕೆ ಸತ್ತವು. ಯಾರದೋ ಕಣ್ಣು ಬಿತ್ತು ಅಂತಾರೆ. ನಿಜವಾ?
(ಟಿ. ನರಸೀಪುರ ಕಡೆಯ ಗೃಹಿಣಿ)

ಉತ್ತರ: ಅಕ್ಕಾ, ದೃಷ್ಟಿ ತೆಗೆಯೋದಿದ್ದರೆ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ನಾನು ಕೇಳೋದು ಬೇರೆ. ಆ ಮರಿಗಳು ರಾತ್ರಿ ಎಲ್ಲಿ ಮಲಗಿದ್ದವು? ಹೊಕ್ಕುಳಿಗೆ ಏನು ಹಚ್ಚಿದ್ದಿರಿ? ಹುಟ್ಟಿದ ಎಷ್ಟು ಹೊತ್ತಿಗೆ ಗಿಣ್ಣು ಹಾಲು ಕುಡಿದವು? ಚೆನ್ನಾಗಿ ಹುಟ್ಟಿದ ಮರಿ ಮೂರನೇ ದಿನಕ್ಕೆ ಹೋಯಿತು ಅಂದರೆ ಬಹಳ ಸಲ ಚಳಿ, ಹಸಿವು, ಹೊಕ್ಕುಳಿನ ನಂಜು, ಈ ಮೂರರಲ್ಲಿ ಒಂದು. ಮೂರೂ ಸೇರಿರೋದೂ ಉಂಟು.

ಬೇರೆ ಕೊಟ್ಟಿಗೆ ಬೇಡ. ನಿಮ್ಮ ಕೊಟ್ಟಿಗೆಯಲ್ಲೇ ಗಾಳಿ ನುಗ್ಗದ ಒಂದು ಮೂಲೆ ನೋಡಿ. ಹಸುವಿನ ಗಂಜಲ ಆ ಕಡೆ ಹರಿಯಬಾರದು, ಇದು ಮುಖ್ಯ. ಮೂಲೆಯ ನೆಲವನ್ನು ಅರ್ಧ ಅಡಿ ಎತ್ತರಿಸಿ, ಎರಡು ಕಡೆ ಗೋಡೆ ಇದ್ದೇ ಇದೆ, ಉಳಿದ ಎರಡು ಕಡೆ ತಡಿಕೆ ಕಟ್ಟಿ. ತಡಿಕೆ ಗಟ್ಟಿ ಇರಲಿ, ಹಸು ಒಂದು ಸಲ ಹಿಂದೆ ಸರಿದು ಮರಿ ತುಳಿದರೆ ಮುಗಿಯಿತು. ತಡಿಕೆಯ ಕೆಳಗಿನ ಎರಡಡಿಗೆ ಗೋಣಿತಾಟು ಹೊಲಿದುಬಿಡಿ. ನಾವು ನಿಂತು ನೋಡಿ ಗಾಳಿ ಇಲ್ಲ ಅಂದುಕೊಳ್ಳುತ್ತೇವೆ, ಮರಿ ಮಲಗೋ ಎತ್ತರದಲ್ಲಿ ಗಾಳಿ ಸುಯ್ ಅಂತ ಬರುತ್ತಿರುತ್ತದೆ. ಹಾಗಂತ ಮೇಲೆಲ್ಲ ಪ್ಲಾಸ್ಟಿಕ್ ಹೊದಿಸಿ ಉಸಿರುಕಟ್ಟಿಸಬೇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೇಕೆ ಪಕ್ಕ ಕುಕ್ಕರಗಾಲಲ್ಲಿ ಐದು ನಿಮಿಷ ಕೂತು ನೋಡಿ. ಗಂಜಲದ ಘಾಟು ಮೂಗಿಗೆ ಹತ್ತಿ ಕಣ್ಣು ಉರಿದರೆ ಹುಲ್ಲು ಬದಲಾಯಿಸಬೇಕು, ಮೇಲ್ಗಡೆ ಗಾಳಿಗೆ ದಾರಿ ಬಿಡಬೇಕು. ಸೊಳ್ಳೆಗೆ ಅಂತ ಹೊಗೆ ಹಾಕೋದನ್ನೂ ಮರಿ ಹುಟ್ಟೋ ಆಸುಪಾಸಿನ ಹದಿನೈದು ದಿನ ಬಿಡಿ.

ಮರಿ ಹುಟ್ಟಿದ ಮೇಲೆ ತಾಯಿ ನೆಕ್ಕಲಿ, ನೀವೂ ಒಣ ಬಟ್ಟೆಯಲ್ಲಿ ಉಜ್ಜಿ. ಹೊಕ್ಕುಳ ಬಳ್ಳಿ ಉದ್ದ ಇದ್ದರೆ ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ದಾರ ಕಟ್ಟಿ ಕತ್ತರಿಸಿ, ಉಳಿದ ತುದಿಯನ್ನು ಟಿಂಚರ್ ಅಯೋಡಿನ್ ತುಂಬಿದ ಪುಟ್ಟ ಬಟ್ಟಲಲ್ಲಿ ಅದ್ದಿ. ಸಗಣಿ, ಬೂದಿ, ಅರಿಶಿನ ಯಾವುದೂ ಬೇಡ. ಒಂದು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ಸತ್ತೆ (ಮರಿಯ ಹಿಂದೆ ಬರೋ ಮಾಸು) ಬೀಳೋ ತನಕ ಹಾಲು ಕುಡಿಸಬಾರದು ಅಂತ ಹಿರಿಯರು ತಡೆದರೆ, ಅವರ ಮುಂದೆ ಹ್ಞೂಂ ಅಂದು, ಅವರು ಆ ಕಡೆ ಹೋದ ಮೇಲೆ ಕುಡಿಸಿ.

ಮರಿಯ ಬಾಯೊಳಗೆ ಬೆರಳಿಟ್ಟು ನೋಡೋದು ಕಲಿಯಿರಿ. ಬೆಚ್ಚಗಿದ್ದರೆ ಸರಿ. ತಣ್ಣಗಿದ್ದರೆ ಬಲವಂತವಾಗಿ ಹಾಲು ಹಾಕಬೇಡಿ, ಅದಕ್ಕೆ ನುಂಗೋ ಶಕ್ತಿಯೇ ಇರಲ್ಲ, ಹಾಲು ಶ್ವಾಸಕ್ಕೆ ಹೋಗುತ್ತದೆ. ಮೊದಲು ಗೋಣಿ ಸುತ್ತಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕ ಇಟ್ಟು ಮೈ ಕಾಯಿಸಿ, ಆಮೇಲೆ ಹಾಲು. ರಾತ್ರಿ ಹೊತ್ತು ಹಳೇ ಮಂಕರಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಒಳಗೆ ಹುಲ್ಲು ತುಂಬಿ ಇಡಿ. ಮರಿಗಳು ತಾವಾಗೇ ಒಳಗೆ ಹೋಗಿ ಒಂದರ ಮೇಲೊಂದು ಮಲಗುತ್ತವೆ. ಕಾಸಿಲ್ಲದೆ ಆಗೋ ಕೆಲಸ.

ಪ್ರಶ್ನೆ: ನಮ್ಮ ರೊಪ್ಪ ಕಾಲುವೆ ಪಕ್ಕ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟರೆ ನೆಲ ಒರತೆ ಬಂದ ಹಾಗೆ ಒದ್ದೆ. ಎಷ್ಟು ಹುಲ್ಲು ಹಾಕಿದರೂ ಸಂಜೆಗೆ ಪಚಪಚ. ಏನು ಮಾಡೋದು?
(ಶ್ರೀರಂಗಪಟ್ಟಣ ತಾಲ್ಲೂಕಿನ ಓದುಗರು)

ಉತ್ತರ: ಹುಲ್ಲು ಹಾಕಿ ನೀರನ್ನು ಗೆಲ್ಲೋಕಾಗಲ್ಲ, ಸ್ವಾಮಿ. ನೆಲ ಎತ್ತರಿಸಬೇಕು. ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಮೇಲೆ ಬರೋ ಹಾಗೆ ಅಡಿಗೆ ದಪ್ಪ ಜಲ್ಲಿ, ಮೇಲೆ ಗರಸು. ಜಲ್ಲಿ ಬಿಟ್ಟು ಬರೀ ಮಣ್ಣು ಹಾಕಿದರೆ ಆ ಮಣ್ಣೇ ಬತ್ತಿಯ ಹಾಗೆ ನೀರು ಮೇಲಕ್ಕೆ ಎಳೆಯುತ್ತದೆ. ಸುತ್ತ ಒಂದು ಚರಂಡಿ. ಪೂರ್ತಿ ರೊಪ್ಪಕ್ಕೆ ಆಗದಿದ್ದರೆ ಮರಿ ಹಾಕೋ ಜಾಗಕ್ಕಾದರೂ ಮಾಡಿ. ಹುಲ್ಲು ಒದ್ದೆಯಾ ಅಂತ ಮೇಲಿಂದ ನೋಡಿ ಹೇಳಬೇಡಿ, ಮಂಡಿಯೂರಿ ಒಂದು ನಿಮಿಷ ಕೂರಿ. ಪಂಚೆಗೆ ತೇವ ಹತ್ತಿದರೆ ಮರಿಗೂ ಹತ್ತುತ್ತದೆ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಹಿಡಿಯುತ್ತದೆ, ದೊಡ್ಡವಕ್ಕೆ ಗೊರಸು ಕೊಳೆಯುತ್ತದೆ. ಕಾಲುವೆ ಅಂಚಿನ ಬಸವನಹುಳು ಇರೋ ಜಾಗದಲ್ಲಿ ಮೇಯಿಸಿದರೆ ಯಕೃತ್ತಿನ ಹುಳುವೂ ಬರುತ್ತದೆ. ಜಂತುನಾಶಕ ಕೊಡೋ ಮುಂಚೆ ಮೇಕೆ ಗಬ್ಬ ಅಂತ ಡಾಕ್ಟರಿಗೆ ಹೇಳೋದು ಮರೆಯಬೇಡಿ, ಎಲ್ಲ ಔಷಧಿಯೂ ಗಬ್ಬಕ್ಕೆ ಆಗಲ್ಲ.

ಪ್ರಶ್ನೆ: ಚಳಿಗೆ 200 ವ್ಯಾಟ್ ಬಲ್ಬ್ ಹಾಕಬಹುದಾ?
(ನಂಜನಗೂಡು)

ಉತ್ತರ: ಒಣ ಹುಲ್ಲಿನ ಮೇಲೆ ಬಿಸಿ ಬಲ್ಬ್ ತೂಗುಹಾಕೋದು ಅಂದರೆ ಬೆಂಕಿಗೆ ಕಾಗದ ಬರೆದು ಕರೆದ ಹಾಗೆ. ನಮ್ಮ ಕಡೆ ಚಳಿ ಅಂದರೂ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ. ಒಣ ಹುಲ್ಲು, ತಾಯಿ ಮೈ, ಗಾಳಿ ಮರೆ ಇದ್ದರೆ ಮೈ ಒಣಗಿದ ಮರಿ ತಡೆದುಕೊಳ್ಳುತ್ತದೆ. ಹಾಕಲೇಬೇಕು ಅಂದರೆ ತಂತಿಯಲ್ಲಿ ಅಲ್ಲ, ಸರಪಳಿಯಲ್ಲಿ ಗಟ್ಟಿಯಾಗಿ ಕಟ್ಟಿ, ತಾಯಿ ನಿಂತರೂ ಮೂತಿ ತಾಗದಷ್ಟು ಎತ್ತರದಲ್ಲಿ, ಸುತ್ತ ಕಬ್ಬಿಣದ ಜಾಲರಿ ಇಟ್ಟು ಹಾಕಿ. ರಾತ್ರಿ ನೋಡೋಕೆ ಒಂದು ಸಣ್ಣ ಎಲ್‌ಇಡಿ ಬಲ್ಬ್ ಬೇರೆ ಇರಲಿ, ಅದು ಬೇಕೇ ಬೇಕು. ತಗಡಿನ ಶೀಟಾಗಿದ್ದರೆ ಮೇಲೆ ತೆಂಗಿನ ಗರಿ ಹೊದಿಸಿ. ಹಗಲು ಕಾಯೋದು ಕಮ್ಮಿಯಾಗುತ್ತದೆ, ಬೆಳಗಿನ ಜಾವ ಶೀಟಿನಿಂದ ಇಬ್ಬನಿ ತೊಟ್ಟಿಕ್ಕೋದೂ ಕಮ್ಮಿಯಾಗುತ್ತದೆ.

ಪ್ರಶ್ನೆ: ನಮ್ಮ ಊರಲ್ಲಿ ಚಿರತೆ ಕಾಟ. ಕಬ್ಬಿನ ಗದ್ದೆಯಿಂದ ಬರುತ್ತದೆ. ಅರ್ಧ ಗೋಡೆಯ ಕೊಟ್ಟಿಗೆ ಸಾಕಾ?
(ನಾಗಮಂಗಲ)

ಉತ್ತರ: ಸಾಲದು. ಅರ್ಧ ಗೋಡೆ ಚಿರತೆಗೆ ಮೆಟ್ಟಿಲು. ಗೋಡೆಯಿಂದ ಚಾವಣಿ ತನಕ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ. ಕೋಳಿ ಜಾಲರಿ ಲೆಕ್ಕಕ್ಕಿಲ್ಲ. ಬಾಗಿಲಿಗೆ ಒಳಗೂ ಹೊರಗೂ ಅಗುಳಿ. ಬಾಣಂತಿ ಕೋಣೆ ಮನೆ ಕಡೆಯ ಗೋಡೆಗೆ ಇರಲಿ. ಸತ್ತೆಯನ್ನು ತಿಪ್ಪೆಗೆ ಎಸೆಯಬೇಡಿ, ಆ ವಾಸನೆಗೆ ಮೊದಲು ಬೀದಿನಾಯಿ ಬರುತ್ತದೆ, ನಾಯಿ ಹಿಂದೆ ಚಿರತೆ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಪ್ರಶ್ನೆ: ಸೊಸೆ ಐದು ತಿಂಗಳ ಬಸುರಿ. ಮೇಕೆ ಬಾಣಂತನವೆಲ್ಲ ಅವಳೇ ಮಾಡುತ್ತಿದ್ದಳು, ಕೈಗುಣ ಚೆನ್ನಾಗಿದೆ. ಈ ಸಲವೂ ಮಾಡಬಹುದಲ್ವಾ?
(ಪಾಂಡವಪುರ)

ಉತ್ತರ: ಬೇಡ ತಾಯಿ. ಖಂಡಿತ ಬೇಡ. ಮೇಕೆಯ ಸತ್ತೆ, ರಕ್ತ, ಕಂದು ಹಾಕಿದ (ದಿನ ತುಂಬೋ ಮುಂಚೆ ಬಿದ್ದ) ಮರಿ ಇವುಗಳಿಂದ ಬರೋ ಕೆಲವು ಕಾಯಿಲೆ ಬಸುರಿ ಹೆಂಗಸಿಗೆ, ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ. ಕೊಟ್ಟಿಗೆ ಗುಡಿಸೋದು, ಆ ಬಟ್ಟೆ ಒಗೆಯೋದು ಕೂಡ ಅವಳ ಕೈಲಿ ಮಾಡಿಸಬೇಡಿ. ನಿಮ್ಮ ಮಗನಿಗೆ ಕಲಿಸಿ. ಅವನೂ ಕೈಗವಸು ಹಾಕಿಕೊಂಡೇ ಮುಟ್ಟಲಿ. ಹಸಿ ಹಾಲು ಮನೆಯಲ್ಲಿ ಯಾರೂ ಕುಡಿಯಬೇಡಿ, ಕಾಯಿಸಿ ಕುಡಿಯಿರಿ.

ಪ್ರಶ್ನೆ: ಕೋಣೆಯಲ್ಲಿ ಏನೇನು ಇಟ್ಟಿರಬೇಕು? ಮರಿ ಹಾಕಿದ ಮೇಲೆ ಎಷ್ಟು ದಿನ ಅಲ್ಲೇ ಇಡಬೇಕು?
(ಕೆ.ಆರ್. ಪೇಟೆ)

ಉತ್ತರ: ಏನು ಇಟ್ಟಿರಬಾರದು ಅನ್ನೋದನ್ನು ಮೊದಲು ಹೇಳುತ್ತೇನೆ. ನೆಲದ ಮೇಲೆ ನೀರಿನ ಬಕೆಟ್. ಮೇಕೆ ಬಕೆಟ್ ಪಕ್ಕದಲ್ಲೇ ಮರಿ ಹಾಕಿತು, ಮರಿ ಜಾರಿ ನೇರ ನೀರಿಗೆ. ಅಷ್ಟೇ ಕತೆ. ನನ್ನ ಕೊಟ್ಟಿಗೆಯಲ್ಲೇ ಆದದ್ದು, ಅದೂ ನಾನು ಕಾಫಿ ಕುಡಿದು ಬರೋಷ್ಟರಲ್ಲಿ. ಅವತ್ತಿನಿಂದ ಬಕೆಟ್ಟನ್ನು ತಡಿಕೆಯ ಹೊರಗೆ, ಮೇಕೆ ಕತ್ತು ಚಾಚಿ ಕುಡಿಯೋ ಎತ್ತರಕ್ಕೆ ಕಟ್ಟುತ್ತೇನೆ. ಮೊಳೆ, ತಂತಿ ತುದಿ, ತೂಗಾಡೋ ಹಗ್ಗ ಇದ್ದರೆ ತೆಗೆಯಿರಿ. ದಿನ ತುಂಬಿದ ಮೇಕೆಯನ್ನು ಕೋಣೆಯೊಳಗೆ ಹಗ್ಗದಲ್ಲಿ ಕಟ್ಟಬೇಡಿ, ಸುತ್ತಿಕೊಂಡುಬಿಡುತ್ತದೆ.

ಇಡಬೇಕಾದ್ದು ಒಂದು ಚೀಲದಲ್ಲಿ ಹಾಕಿ ಗೋಡೆಗೆ ನೇತುಹಾಕಿ: ಒಣ ಹಳೇ ಬಟ್ಟೆ ನಾಲ್ಕು, ಟಿಂಚರ್ ಅಯೋಡಿನ್, ದಾರ, ಕುದಿಸಿದ ಕತ್ತರಿ, ಕೈಗವಸು, ಟಾರ್ಚು, ಮರಿಗೆ ಹಾಲು ಕುಡಿಸೋ ಬಾಟಲಿ. ಗೋಡೆಯ ಮೇಲೆ ನಿಮ್ಮ ಪಶುವೈದ್ಯರ ನಂಬರು, ಅದರ ಕೆಳಗೆ ಪಶು ಆಂಬುಲೆನ್ಸಿನ 1962. ಜೋರಾಗಿ ತಿಣುಕುತ್ತಾ ಅರ್ಧ ಗಂಟೆ ಕಳೆದರೂ ಏನೂ ಬರಲಿಲ್ಲ ಅಂದರೆ ಕೈ ಹಾಕಿ ಎಳೆದಾಡಬೇಡಿ, ಫೋನು ಮಾಡಿ. ಸತ್ತೆ 12 ಗಂಟೆಯಾದರೂ ಬೀಳದಿದ್ದರೂ ಅಷ್ಟೇ. ನೇತಾಡುತ್ತಿದೆ ಅಂತ ಕಲ್ಲು ಕಟ್ಟೋದು, ಎಳೆಯೋದು ಬೇಡ.

ತಾಯಿ ಮರಿ ಒಂದನ್ನೊಂದು ಗುರುತು ಹಿಡಿಯೋಕೆ ಮೂರು ದಿನ ಬೇಕು. ಒಂಟಿ ಮರಿಯಾದರೆ ಮೂರನೇ ದಿನ ಹೊರಗೆ ಬಿಡಬಹುದು. ಅವಳಿ ಆದರೆ, ಅಥವಾ ಮೊದಲ ಸಲ ಮರಿ ಹಾಕಿದ ಪಡ್ಡೆಯಾದರೆ ಒಂದು ವಾರ ಇಡಿ, ಅಂಥದ್ದು ಎರಡರಲ್ಲಿ ಒಂದನ್ನು ಒದ್ದು ದೂರ ಮಾಡೋದು ಜಾಸ್ತಿ. ಆಚೆ ಬಿಟ್ಟ ದಿನವೇ ಹಾಸಿದ ಹುಲ್ಲನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿ, ಸುಣ್ಣ ಉದುರಿಸಿ, ಒಣಗೋಕೆ ಬಿಡಿ. ಗೋಡೆ ಮೇಲಿನ ಮುಂದಿನ ತಾರೀಕು ನೋಡಿದಿರಾ?